ತಿಪ್ಪೇಸ್ವಾಮಿ ಸರ್ ಜೊತೆ ಪೈಥಾನ್ ಕಲಿತ ಬೇಸಿಗೆ

ಎರಡು ವರ್ಷದ ಹಿಂದಿನ ಮಾತು. ಶಿವರಾತ್ರಿ ಕಳೆದು ಒಂದು ವಾರ ಆಗಿರಬಹುದು, ಹೊಳಲ್ಕೆರೆಯಲ್ಲಿ ಬಿಸಿಲು ಆಗಲೇ ನೆತ್ತಿ ಸುಡಲು ಶುರುಮಾಡಿತ್ತು. ನಾನು ಅಲ್ಲಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಕಾಲೇಜಿನ ಹೆಸರು ಬೇಡ, ಅದರಿಂದ ಈಗ ಯಾರಿಗೂ ಉಪಯೋಗವಿಲ್ಲ. ಕಂಪ್ಯೂಟರ್ ವಿಭಾಗ ಅಂದರೆ ಇಬ್ಬರೇ. ನಾನು ಮತ್ತು ತಿಪ್ಪೇಸ್ವಾಮಿ ಸರ್.

ಸರ್ ಬಗ್ಗೆ ಮೊದಲು ಹೇಳಿಬಿಡಬೇಕು. ಅವರು ನನಗೆ ಸಹೋದ್ಯೋಗಿ ಆಗುವ ಮೊದಲೇ ಮೇಷ್ಟ್ರು. ಹಿರಿಯೂರಿನಲ್ಲಿ ನಾನು ಬಿ.ಎಸ್ಸಿ. ಓದುವಾಗ ಕಂಪ್ಯೂಟರಿನ ಸಿ ಭಾಷೆ ಕಲಿಸಿದವರು. ಆಗ ನಮ್ಮ ಲ್ಯಾಬಿನಲ್ಲಿದ್ದ ಕಂಪ್ಯೂಟರುಗಳಲ್ಲಿ ಅರ್ಧ ಕೆಟ್ಟಿದ್ದವು, ನೆಟ್ಟಗಿದ್ದವಕ್ಕೆ ಕರೆಂಟ್ ಇರುತ್ತಿರಲಿಲ್ಲ. ಹಾಗಾಗಿ ಸರ್ ನಮ್ಮನ್ನೇ ಕಂಪ್ಯೂಟರ್ ಮಾಡುತ್ತಿದ್ದರು. ಒಬ್ಬಳನ್ನು ಒಂದು ಬೆಂಚಿನ ಮೇಲೆ ಕೂರಿಸಿ “ನೀನು ಎ” ಅನ್ನುವರು, ಇನ್ನೊಬ್ಬನನ್ನು ಬೇರೆ ಬೆಂಚಿನ ಮೇಲೆ ಕೂರಿಸಿ “ನೀನು ಬಿ” ಅನ್ನುವರು. “ಈಗ ಇಬ್ರೂ ಜಾಗ ಅದಲು ಬದಲು ಮಾಡ್ಕಳ್ರಿ. ಆದ್ರೆ ಒಬ್ಬರ ತೊಡೆ ಮೇಲೆ ಒಬ್ಬರು ಕುಂತ್ಕಳಂಗಿಲ್ಲ!” ಕ್ಲಾಸೆಲ್ಲ ನಗುತ್ತಿತ್ತು. ಆಮೇಲೆ ಮೂರನೇ ಖಾಲಿ ಬೆಂಚು ತೋರಿಸುವರು. ಎ ಅಲ್ಲಿ ಹೋಗಿ ಕೂರಬೇಕು, ಬಿ ಬಂದು ಎ ಜಾಗದಲ್ಲಿ ಕೂರಬೇಕು, ಆಮೇಲೆ ಎ ಎದ್ದು ಬಿ ಜಾಗಕ್ಕೆ. ಕಂಪ್ಯೂಟರಿನೊಳಗೆ ಎರಡು ಅಂಕಿಗಳ ಜಾಗ ಬದಲಿಸುವುದೂ ಹೀಗೇ ಅಂತ ಕಲಿತ ಪಾಠ ಇಷ್ಟು ವರ್ಷವಾದರೂ ನನಗೆ ಮರೆತಿಲ್ಲ.

ಮದುವೆಯಾಗಿ ನಾನು ಹೊಳಲ್ಕೆರೆಗೆ ಬಂದೆ. ಯಜಮಾನರದು ಮೋಟಾರ್ ರೀವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟಾಗ ಮಾತ್ರ ಜನ ಅವರನ್ನು ನೆನೆಯುವುದು, ಮಳೆ ಚೆನ್ನಾಗಿ ಆದ ವರ್ಷ ನಮ್ಮ ಮನೆಯಲ್ಲಿ ಖುಷಿಪಡಬೇಕೋ ಬೇಡವೋ ಗೊತ್ತಾಗುವುದಿಲ್ಲ. ಮಗಳು ಶಾಲೆಗೆ ಹೋಗುವಂತಾದ ಮೇಲೆ ನನಗೆ ಈ ಕಾಲೇಜಿನಲ್ಲಿ ಕೆಲಸ ಕೊಡಿಸಿದ್ದು ಸರ್. ಅಷ್ಟು ಹೊತ್ತಿಗೆ ಅವರು ಹೊಸದುರ್ಗದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಇಲ್ಲಿಗೆ ಬರುತ್ತಿದ್ದರು. ಮೊದಲ ದಿನ ಸ್ಟಾಫ್ ರೂಮಿನಲ್ಲಿ ಅವರ ಎದುರು ಕುರ್ಚಿಯಲ್ಲಿ ಕೂರಲು ನನಗೆ ಕಾಲೇ ಮಡಚಲಿಲ್ಲ. “ಕುಂತ್ಕಳವ್ವ, ಈಗ ನೀನೂ ಮೇಷ್ಟ್ರೇ” ಅಂದರು. ಕೂತೆ. ಆದರೆ ಅವರು ಬುತ್ತಿ ಬಿಚ್ಚುವ ಮೊದಲು ನಾನು ಒಂದು ದಿನವೂ ಬಿಚ್ಚಲಿಲ್ಲ, ಅವರು ಮಾತು ಮುಗಿಸುವ ಮೊದಲು ಬಾಯಿ ತೆಗೆಯಲಿಲ್ಲ. ಬೇರೆಯವರ ಹತ್ತಿರ ನಾನು ಬಾಯಿಬಡುಕಿ, ಯಾರನ್ನು ಬೇಕಾದರೂ ಕೇಳಿ. ಸರ್ ಮುಂದೆ ಮಾತ್ರ ಅದೇ ಹಿರಿಯೂರಿನ ಹುಡುಗಿ.

ಆ ಶಿವರಾತ್ರಿ ಕಳೆದ ವಾರ ಕಾಲೇಜಿನ ಕಾರ್ಯದರ್ಶಿ ನಮ್ಮಿಬ್ಬರನ್ನೂ ಕರೆಸಿದರು.

“ಕುಂತ್ಕಳ್ರಿ ಸರ್, ಕುಂತ್ಕಳ್ರಿ ಮೇಡಂ. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ. ಮುಂದಿನ ವರ್ಷದಿಂದ ಎಲ್ಲಾ ಪೈಥಾನ್. ನಿಮ್ಮ ಸಿ ಭಾಷೆ ಕಲಿಯೋಕೆ ಯಾರೂ ಸೇರ್ತಿಲ್ಲ. ಅಡ್ಮಿಷನ್ನೂ ಕಮ್ಮಿ ಆಗೈತೆ. ಇಬ್ಬರಿಗೆ ಕೆಲಸ ಕೊಡೋಕೆ ಆಗಲ್ಲ, ಒಬ್ಬರಿಗೆ ಐತೆ. ಬೇಸಿಗೆಯಾಗೆ ಇಬ್ರೂ ಪೈಥಾನ್ ಕಲ್ತು ಒಂದು ಡೆಮೊ ಕ್ಲಾಸ್ ತಗೊಳ್ರಿ. ಯಾರಿಗೆ ಚೆನ್ನಾಗಿ ಬರ್ತೈತೋ ಅವರು ಉಳ್ಕೊಳ್ರಿ.”

ಹೊರಗೆ ಬಂದೆವು. ಕಾರಿಡಾರಿನ ತುದಿಯವರೆಗೂ ನಡೆದೆವು. ಕೊನೆಗೆ ಸರ್ “ಈ ಸಲ ಬಿಸಿಲು ಜಾಸ್ತಿನೇ ಆಯ್ತು” ಅಂದರು. ನಾನು “ಹೌದು ಸರ್” ಅಂದೆ. ಅಷ್ಟೇ.

ಮನೆಗೆ ಬಂದು ಯಜಮಾನರಿಗೆ ನಾನು ಪೈಥಾನ್ ಕಲಿಯುವುದಿಲ್ಲ ಅಂದೆ. ಅವರು ತಾಮ್ರದ ತಂತಿ ಸುತ್ತುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

“ಯಾಕೆ?”

“ನಾನು ಕಲಿತರೆ ಸರ್ ಕೆಲಸ ಹೋಗ್ತೈತೆ. ಕೆಲಸ ಕೊಡಿಸಿದವರ ಹೊಟ್ಟೆ ಮೇಲೆ ಹೊಡೀಲಾ?”

“ನೀನು ಕಲೀದಿದ್ರೆ ಅವರಿಗೆ ತಾನಾಗೇ ಬಂದುಬಿಡ್ತೈತಾ? ಅಲ್ಲ ಕಣೇ, ನೀರಿನೊಳಗೆ ಇಳಿಸೋ ಸಬ್‌ಮರ್ಸಿಬಲ್ ಮೋಟಾರ್ ಬಂದಾಗ ನನಗೆ ಹಳೇ ಮೋಟಾರೇ ಸಾಕು ಅಂದಿದ್ರೆ ಇಷ್ಟೊತ್ತಿಗೆ ಈ ಅಂಗಡಿಯಾಗೆ ಯಾರೋ ಬೇಕರಿ ಇಟ್ಟಿರೋರು. ಕಲಿಯೋದು ಕಲಿ. ಕೆಲಸ ಯಾರಿಗೆ ಅಂತ ಇಬ್ರೂ ಕುಂತು ಮಾತಾಡ್ಕಳ್ರಿ.”

“ಸರ್ ಹತ್ರ ಅದನ್ನ ಹೆಂಗೆ ಮಾತಾಡೋದು? ನಿಮ್ಮ ಮೋಟಾರಾ ಅದು, ಬಿಚ್ಚಿ ನೋಡೋಕೆ?” ಅಂತ ನಾನೇ ರೇಗಿದೆ.

ನಿಜ ಹೇಳುತ್ತೇನೆ, ಕಲಿಯುವ ಆಸೆ ನನಗೆ ಬೆಟ್ಟದಷ್ಟಿತ್ತು. ಅದಕ್ಕಿಂತ ಹೆಚ್ಚಾಗಿ ಭಯ ಇತ್ತು. ನಲವತ್ತರ ಹತ್ತಿರ ಬಂದಿದ್ದೆ. ಮಗಳು ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಮನೆಯಲ್ಲಿ ತಿಂಗಳು ತಿಂಗಳು ಖಾತ್ರಿಯಾಗಿ ಬರುತ್ತಿದ್ದದ್ದು ನನ್ನ ಸಂಬಳ ಒಂದೇ. ಅದನ್ನು ಬಿಟ್ಟು ಈ ಊರಲ್ಲಿ ನನಗೆ ಇನ್ಯಾವ ಕೆಲಸ ಸಿಗುತ್ತದೆ? ಹೀಗೆಲ್ಲ ಯೋಚಿಸಿ, ಯೋಚಿಸಿದ್ದಕ್ಕೆ ನಾಚಿಕೆಪಟ್ಟು, ಆ ವಾರ ಹೇಗೋ ಕಳೆದೆ.

ತೀರ್ಮಾನ ಮಾಡಿದ್ದು ಸರ್. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ, “ಸುಜಾತಾ, ಚಿತ್ರದುರ್ಗದಾಗೆ ಭಾನುವಾರ ಪೈಥಾನ್ ಕ್ಲಾಸ್ ನಡೆಸ್ತಾರಂತೆ. ಇಬ್ರೂ ಹೋಗಾಣ” ಅಂದರು, ಸಿರಿಗೆರೆಗೋ ಹಾಲುರಾಮೇಶ್ವರಕ್ಕೋ ಕೈ ಮುಗಿಯಲು ಹೊರಟ ಹಾಗೆ. ನನಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಒಳಗೊಳಗೇ ಕುಣಿದೆ ಅಂತಲೂ ಹೇಳಬೇಕು.

ಭಾನುವಾರ ಬೆಳಿಗ್ಗೆ ಸರ್ ಹೊಸದುರ್ಗದಲ್ಲಿ ಬಸ್ಸು ಹತ್ತುವರು. ಹೊಳಲ್ಕೆರೆಗೆ ಬರುವಷ್ಟರಲ್ಲಿ ಬಸ್ಸು ಭರ್ತಿಯಾಗಿರುತ್ತಿತ್ತು. ಆದರೆ ಅವರ ಪಕ್ಕದ ಸೀಟಿನ ಮೇಲೆ ಒಂದು ಟವೆಲ್ ಬಿದ್ದಿರುತ್ತಿತ್ತು, ನನಗಾಗಿ. ಯಾರಾದರೂ ಕೂರಲು ಬಂದರೆ “ಜನ ಅವ್ರೆ” ಅನ್ನುವರಂತೆ. ಒಂದು ಸಲ ದೊಡ್ಡ ಕುಂಬಳಕಾಯಿ ಹೊತ್ತ ಅಜ್ಜಿಯೊಬ್ಬಳು “ಟವೆಲ್ಲಿಗೆ ಟಿಕೇಟು ತಗಂಡೀಯೇನಪ್ಪ?” ಅಂತ ಕೇಳಿ, ಟವೆಲ್ ಮೇಲೇ ಕೂತುಬಿಟ್ಟಿದ್ದಳು.

ಕ್ಲಾಸು ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ. ಕಲಿಸುವ ಹುಡುಗನಿಗೆ ಇಪ್ಪತ್ತೈದು ದಾಟಿರಲಿಲ್ಲ, ಸರ್‌ಗೆ “ಅಂಕಲ್” ಅನ್ನುತ್ತಿದ್ದ. ಕಲಿಯುವವರೆಲ್ಲ ಚಿಗುರು ಮೀಸೆಯವರು, ಜಡೆ ಬಿಟ್ಟವರು. ಮೊದಲ ದಿನವೇ ಹಿಂದಿನ ಸಾಲಿನಿಂದ ನಮ್ಮದೇ ಹಳೇ ವಿದ್ಯಾರ್ಥಿನಿ ಒಬ್ಬಳು “ಮೇಡಂ! ನೀವ್ಯಾಕೆ ಇಲ್ಲಿ?” ಅಂದಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸರ್ ಮಾತ್ರ ತಿರುಗಿ, “ನೀನು ಇಲ್ಲಿಗೆ ಯಾಕವ್ವ ಬಂದೆ, ಅದಕ್ಕೇ ನಾವೂ ಬಂದಿದ್ದು” ಅಂದರು.

ಸರ್ ಕಲಿಯುವ ರೀತಿಯೇ ಬೇರೆ. ಎಲ್ಲರೂ ಟಪಟಪ ಕೀ ಒತ್ತಿ ತಪ್ಪು ಬಂದರೆ ಮತ್ತೆ ಒತ್ತುವರು. ಸರ್ ಮೊದಲು ಕಾಗದದ ಮೇಲೆ ಬರೆದು, ಒಂದೊಂದೇ ಸಾಲು ಬೆರಳಿಟ್ಟು ಮನಸ್ಸಿನಲ್ಲೇ ಓಡಿಸಿ, ಉತ್ತರ ಇಂತಿಷ್ಟು ಬರಬೇಕು ಅಂತ ಪಕ್ಕದಲ್ಲಿ ಬರೆದು ಆಮೇಲೆ ಕೀಬೋರ್ಡ್ ಮುಟ್ಟುವರು. ಸಿ ಭಾಷೆಯಲ್ಲಿದ್ದ ಆವರಣ ಚಿಹ್ನೆಗಳು ಪೈಥಾನಿನಲ್ಲಿ ಇಲ್ಲ, ಸಾಲನ್ನು ಎಷ್ಟು ಒಳಕ್ಕೆ ಸರಿಸಿದ್ದೀರಿ ಅನ್ನುವುದರ ಮೇಲೆ ಎಲ್ಲ. “ಬೇಲಿ ಇಲ್ಲದ ಹೊಲ ಇದ್ದಂಗೆ ಐತಲ್ಲವ್ವ, ಯಾವುದು ಯಾರದು ಅಂತ ಹೆಂಗೆ ತಿಳಿಯೋದು” ಅಂತ ಮೊದಮೊದಲು ಗೊಣಗಿದರು. ಆಮೇಲೆ ನನಗಿಂತ ಬೇಗ ಒಗ್ಗಿಕೊಂಡರು.

ಒಂದು ದಿನ ಆ ಹುಡುಗ ಎ ಮತ್ತು ಬಿ ಜಾಗ ಅದಲು ಬದಲು ಮಾಡುವುದನ್ನು ತೋರಿಸಿದ. ಪೈಥಾನಿನಲ್ಲಿ ಅದು ಒಂದೇ ಸಾಲು. ಎ, ಬಿ ಇಬ್ಬರೂ ಒಟ್ಟಿಗೇ ಎದ್ದು ಒಟ್ಟಿಗೇ ಕೂತುಬಿಡುತ್ತಾರೆ. ನಾನು ಸರ್ ಮುಖ ನೋಡಿದೆ. “ಮೂರನೇ ಬೆಂಚೇ ಬೇಡವಂತಲ್ಲವ್ವ!” ಅಂದರು. ನಕ್ಕರು ಕೂಡ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವರು ಹೊಳಲ್ಕೆರೆ ಬರುವವರೆಗೂ ತಿರುಗಲಿಲ್ಲ. ಅವರ ಇಷ್ಟು ವರ್ಷದ ಪಾಠವನ್ನು ಯಾರೋ ಒರೆಸಿ ಹಾಕಿದ ಹಾಗೆ ನನಗೇ ಸಂಕಟವಾಯಿತು, ಅವರಿಗೆ ಹೇಗಾಗಿತ್ತೋ.

ಆದರೂ ಆ ಭಾನುವಾರಗಳು ಚೆನ್ನಾಗಿದ್ದವು. ಕ್ಲಾಸು ಮುಗಿಸಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನ ಮೇಲೆ ಬೆರಳಲ್ಲಿ ಬರೆಯುತ್ತಾ ಇಬ್ಬರೂ ಲೆಕ್ಕ ಬಿಡಿಸುತ್ತಿದ್ದೆವು. ಹೊಸದೊಂದು ಭಾಷೆ ಬರತೊಡಗಿದಾಗ ಆಗುವ ಖುಷಿ ನನಗೆ ಮರೆತೇಹೋಗಿತ್ತು. ಆ ಒಂದು ವಿಷಯ ಬಿಟ್ಟು ಮಿಕ್ಕದ್ದೆಲ್ಲ ಮಾತಾಡಿದೆವು.

ಆ ವಿಷಯ ಒಂದೇ ಒಂದು ಸಲ ಬಂತು. ಡೆಮೊಗೆ ಹದಿನೈದು ದಿನ ಇರಬಹುದು. ಸರ್ ಹೊರಗೆ ನೋಡುತ್ತಾ, “ನನಗೇನವ್ವ, ಈ ಕೆಲಸ ಇದ್ರೂ ಆಯ್ತು ಇಲ್ಲದಿದ್ರೂ ಆಯ್ತು. ಜವನಗೊಂಡನಹಳ್ಳಿಯಾಗೆ ನಮ್ಮಣ್ಣನ ಕುರಿ ಅವೆ, ಹೊಲ ಐತೆ. ಹೋಗಿ ಕುಂತ್ಕಂಡ್ರೆ ಕಾಲ ಕಳೀತೈತೆ” ಅಂದರು.

ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಸೀಮೆಎಣ್ಣೆ ದೀಪದಲ್ಲಿ ಓದಿ ಮೇಷ್ಟ್ರಾದವರು ಅವರು. ಈ ಮಾತನ್ನು ನಾನು ಹೇಗೆ ನಂಬಲಿ? ನನಗೋಸ್ಕರ ಹೇಳುತ್ತಿದ್ದಾರೆ ಅಂತ ತಕ್ಷಣ ಗೊತ್ತಾಯಿತು. ನಾನೂ ಬಿಡಲಿಲ್ಲ. “ನನಗೂ ಅಷ್ಟೇ ಸರ್. ಯಜಮಾನರ ಅಂಗಡಿ ಜೋರಾಗಿ ನಡೀತೈತೆ. ಮನೇಲಿದ್ರೆ ಮಗಳನ್ನ ಓದಿಸಬಹುದು” ಅಂದೆ. ಅವರು “ಹಂಗಾ” ಅಂದರು. ಅದನ್ನು ಅವರೂ ನಂಬಲಿಲ್ಲ ಅಂತ ನನಗೆ ಗೊತ್ತಾಗಬೇಕಿತ್ತು.

ಆ ದಿನವೇ ನಾನು ನಿರ್ಧಾರ ಮಾಡಿದೆ. ಡೆಮೊದಲ್ಲಿ ಕೆಟ್ಟದಾಗಿ ಪಾಠ ಮಾಡುವುದು. ಸರ್‌ಗೆ ಚೆನ್ನಾಗಿ ಬರುತ್ತದೆ, ಅವರು ಉಳಿಯಲಿ. ಯಜಮಾನರಿಗೂ ಹೇಳಲಿಲ್ಲ, ಹೇಳಿದ್ದರೆ ಮನೆಯಲ್ಲಿ ಕುರುಕ್ಷೇತ್ರವಾಗುತ್ತಿತ್ತು.

ಡೆಮೊ ದಿನ ಹೊರಗಿನಿಂದ ಒಬ್ಬ ವಿಷಯ ತಜ್ಞರು ಬಂದಿದ್ದರು. ರಜೆಯಲ್ಲೂ ಊರಲ್ಲಿದ್ದ ಒಂದಷ್ಟು ಮಕ್ಕಳನ್ನು ಕರೆಸಿ ಕೂರಿಸಿದ್ದರು. ಒಬ್ಬರ ಪಾಠವನ್ನು ಇನ್ನೊಬ್ಬರು ನೋಡುವ ಹಾಗಿರಲಿಲ್ಲ. ಸರ್ ಹಿರಿಯರು, ಅವರೇ ಮೊದಲು ಹೋದರು. ಅಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಕೂತು ಅವರಿಗೆ ಒಳ್ಳೆಯದಾಗಲಿ ಅಂತ ಮನೆದೇವರಿಗೆ ಕೈ ಮುಗಿದೆ.

ಅರ್ಧ ಗಂಟೆಗೆ ಹೊರಗೆ ಬಂದರು. ಮುಖದ ತುಂಬ ನಗು.

“ಹೆಂಗಾಯ್ತು ಸರ್?”

“ಫಸ್ಟ್ ಕ್ಲಾಸ್ ಆಯ್ತು ಕಣವ್ವ. ನೀನೂ ಧೈರ್ಯವಾಗಿ ಮಾಡು, ಹೋಗು.”

ನನಗೆ ಎದೆಯ ಭಾರ ಇಳಿಯಿತು. ಒಳಗೆ ಹೋದೆ. ಬೋರ್ಡಿನ ಮೇಲೆ ಬರೆದ ಸಾಲುಗಳನ್ನು ಬೇಕೆಂದೇ ಅಡ್ಡಾದಿಡ್ಡಿ ಸರಿಸಿದೆ. ಲ್ಯಾಪ್‌ಟಾಪಿನಲ್ಲಿ ತಪ್ಪು ಬಂದಾಗ ಸುಮ್ಮನೆ ಪೆದ್ದಿಯ ಹಾಗೆ ನಿಂತೆ. ತಜ್ಞರು ಒಂದು ಸುಲಭದ ಪ್ರಶ್ನೆ ಕೇಳಿದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು, ನುಂಗಿಕೊಂಡು “ಇನ್ನೂ ಅಷ್ಟು ಬಂದಿಲ್ಲ ಸರ್” ಅಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬರುವುದನ್ನು ಬರುವುದಿಲ್ಲ ಅನ್ನುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಆದರೂ ಮನೆಗೆ ಹೋಗುವಾಗ ಒಂದು ಥರ ಹೆಮ್ಮೆಯಿತ್ತು. ಆ ಹೆಮ್ಮೆ ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ವಾರವಾದ ಮೇಲೆ ಕಾರ್ಯದರ್ಶಿ ಮತ್ತೆ ಇಬ್ಬರನ್ನೂ ಒಟ್ಟಿಗೆ ಕರೆಸಿದರು. ಒಬ್ಬರನ್ನೇ ಕರೆಯಬೇಕಿತ್ತಲ್ಲ ಅಂತ ನನಗೆ ಅನುಮಾನ ಬಂತು.

“ಏನ್ ಹೇಳ್ಬೇಕೋ ತಿಳೀತಿಲ್ಲ ಸರ್. ನಿಮ್ಮಿಬ್ಬರಿಗೂ ಪೈಥಾನ್ ಬರಲ್ಲ ಅಂತ ತಜ್ಞರು ಹೇಳಿ ಹೋದ್ರು. ಅದಕ್ಕೆ ಹೊರಗಿಂದ ಒಬ್ಬರನ್ನ ತಗಂಡಿದ್ದೀವಿ.”

“ಸರ್‌ಗೆ ಬರಲ್ವಾ?” ಅಂತ ನಾನು ಕೂಗಿಯೇಬಿಟ್ಟೆ. ಅದೇ ಹೊತ್ತಿಗೆ ಪಕ್ಕದಿಂದ ಸರ್, “ಇವಳಿಗೆ ಬರಲ್ಲ ಅಂದ್ರಾ? ನನಗೆ ಹೇಳಿಕೊಡ್ತಾಳೆ ಇವಳು!” ಅಂತ ಕುರ್ಚಿ ಬಿಟ್ಟು ಎದ್ದಿದ್ದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆಗ ನನಗೆ ಎಲ್ಲ ತಿಳಿಯಿತು. ಅವರಿಗೂ ತಿಳಿಯಿತು.

ಕಾರ್ಯದರ್ಶಿಗೆ ಸಿಟ್ಟು ಬಂತು. “ನೀವೇನ್ ಇಬ್ರೂ ಸೇರ್ಕಂಡು ನಮ್ಮ ಮುಂದೆ ನಾಟಕ ಆಡಿದ್ರಾ? ಆವತ್ತು ತಿಪ್ಪೇಸ್ವಾಮಿ ಸರ್ ಈ ವಯಸ್ಸಿಗೆ ನನ್ನ ತಲೆಗೆ ಹತ್ತಲ್ಲ ಅಂದ್ರು. ನೀವು ನನಗಿನ್ನೂ ಅಷ್ಟು ಬಂದಿಲ್ಲ ಅಂದ್ರಿ ಮೇಡಂ.”

“ಈಗ ಇವಳ ಕೈಗೆ ಒಂದು ಚಾಕ್‌ಪೀಸ್ ಕೊಡ್ರಿ, ಇಲ್ಲೇ ಪಾಠ ಮಾಡ್ತಾಳೆ, ನೋಡ್ರಿ” ಅಂತ ಸರ್ ಗೋಗರೆದರು. ಇಷ್ಟು ವರ್ಷದಲ್ಲಿ ಅವರು ಯಾರ ಮುಂದೆಯೂ ಹಾಗೆ ಕೈ ಮುಂದೆ ಮಾಡಿ ನಿಂತಿದ್ದನ್ನು ನಾನು ಕಂಡಿರಲಿಲ್ಲ. ನಾನು “ಬೇಡ, ಸರ್ ಮಾಡ್ತಾರೆ” ಅಂದೆ. ಇನ್ನೂ ನಮ್ಮ ಬುದ್ಧಿ ನೋಡಿ!

“ಆಗಲೇ ಆರ್ಡರ್ ಕೊಟ್ಟಾಗೈತೆ ಸರ್. ಆ ಹುಡುಗಿ ಸೋಮವಾರ ಬರ್ತಾಳೆ” ಅಂದರು ಕಾರ್ಯದರ್ಶಿ. ಅವರದೂ ತಪ್ಪು ಅನ್ನಲಾರೆ. ನಾವು ತೋರಿಸಿದ್ದನ್ನು ಅವರು ನಂಬಿದ್ದರು.

ಹೊರಗೆ ಹೊಂಗೆ ಮರದ ಕೆಳಗೆ ಸರ್ ನನ್ನ ಮೇಲೆ ಕೂಗಾಡಿದರು. “ನಿನಗೆ ತಲೆ ಐತೇನವ್ವ? ಬೆಳೆಯೋ ಮಗಳನ್ನ ಇಟ್ಕಂಡು ಹಿಂಗ್ ಮಾಡೋದಾ? ಯಾರು ಹೇಳಿದ್ರು ನಿನಗೆ?”

“ನೀವು ಫಸ್ಟ್ ಕ್ಲಾಸ್ ಆಯ್ತು ಅಂದ್ರಲ್ಲ ಸರ್.”

“ನೀನು ಅಂಜಬಾರದು ಅಂತ ಅಂದೆ! ನಾನು ಕೆಡಿಸಿ ಬಂದಿದ್ದೀನಿ ಅಂದಿದ್ರೆ ನೀನು ಪಾಠ ಮಾಡ್ತಿದ್ದೆಯಾ?”

ನಾನು ಅತ್ತುಬಿಟ್ಟೆ. ಸರ್ ಬಸ್‌ಸ್ಟ್ಯಾಂಡ್ ಕಡೆ ನಡೆದುಬಿಟ್ಟರು. ಮಾರನೆಯ ದಿನ ಅವರ ಮೇಜಿನ ಸಾಮಾನು ತಗೊಂಡು ಹೋಗಲು ಅವರು ಬರಲೇ ಇಲ್ಲ, ಜವಾನನ ಕೈಲಿ ತರಿಸಿಕೊಂಡರು.

ಮನೆಯಲ್ಲಿ ಯಜಮಾನರು ಬೈಯಲಿಲ್ಲ. ಎಲ್ಲಾ ಕೇಳಿ, “ಒಂದು ಮಾತು ಕೇಳಿದ್ರೆ ಏನಾಗ್ತಿತ್ತು ನಿಮಗೆ?” ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆ ವರ್ಷ ಕಷ್ಟದಲ್ಲೇ ಕಳೆಯಿತು. ನಾನು ಓದಿದ್ದು ಹಿರಿಯೂರಿನಲ್ಲಾದರೂ ನನ್ನ ತವರು ಹೊಸದುರ್ಗ. ದೀಪಾವಳಿಗೆ ಹೋದಾಗ ಗಟ್ಟಿ ಮನಸ್ಸು ಮಾಡಿ ಸರ್ ಮನೆಗೆ ಹೋದೆ. ಅವರು ಬಾಮೈದನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಹಾಕಲು ಹೋಗುತ್ತಿದ್ದಾರೆ ಅಂತ ಯಾರೋ ಹೇಳಿದ್ದರು. ನೋಡಿದರೆ ಅರ್ಧ ಆಗಿದ್ದರು. “ಬಾರವ್ವ, ಒಳಗೆ ಬಾ” ಅಂದರು. ಸಿಟ್ಟೇನೂ ಉಳಿದಿರಲಿಲ್ಲ. ಅವರ ಮನೆಯವರು ಚಹಾ ಇಟ್ಟು ಒಳಗೆ ಹೋದರು. ಮಗಳ ಓದು, ಮಳೆ, ಯಾರದೋ ಮದುವೆ, ಎಲ್ಲ ಮಾತಾಯಿತು. ಎದ್ದು ಹೊರಡುವ ಹೊತ್ತಿಗೆ ನಾನು ಕೇಳಿಯೇಬಿಟ್ಟೆ. ಅವರ ಮುಂದೆ ಹಾಗೆ ನೇರವಾಗಿ ಬಾಯಿಬಿಟ್ಟದ್ದು ಅದೇ ಮೊದಲು.

“ಸರ್, ನಿಮಗೆ ಆ ಕೆಲಸ ಬೇಕಾಗಿತ್ತಾ?”

ಅವರು ಚಹಾದ ಲೋಟ ಕೆಳಗಿಟ್ಟರು.

“ಬೇಕಾಗಿತ್ತು ಕಣವ್ವ. ಭಾಳ ಬೇಕಾಗಿತ್ತು. ಕ್ಲಾಸ್ ರೂಮ್ ಬಿಟ್ರೆ ನನಗೇನು ಗೊತ್ತೈತೆ?” ಅಂದರು. ಆಮೇಲೆ, “ನಿನಗೆ?”

“ನನಗೂ ಬೇಕಾಗಿತ್ತು ಸರ್.”

“ಇಷ್ಟು ಹೇಳೋಕೆ ಆಗಲಿಲ್ಲ ನಮಗೆ. ಅಷ್ಟು ಭಾನುವಾರ ಪಕ್ಕದಾಗೇ ಕುಂತಿದ್ವಿ.”

ಅವರ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಬಾರದು ಅಂತ ನಾನು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಬಗ್ಗಿದೆ.

ಈಗ ನಾನು ಮನೆಯಿಂದಲೇ ಬೇರೆ ಬೇರೆ ಊರಿನ ಮಕ್ಕಳಿಗೆ ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಪೈಥಾನ್ ಹೇಳಿಕೊಡುತ್ತೇನೆ. ಬರುವ ಮಕ್ಕಳು ಕಮ್ಮಿ, ಅವರೂ ಪರೀಕ್ಷೆ ಮುಗಿದರೆ ಮಾಯ. “ಮೇಡಂ, ಇನ್ನೊಂದು ಭಾಷೆ ಕಲಿತರೆ ಕೆಲಸ ಸಿಗುತ್ತಾ?” ಅಂತ ಯಾರಾದರೂ ಕೇಳುತ್ತಾರೆ. ಕಲೀರಿ, ಒಂದು ಬೇಸಿಗೆ ಸಾಕು, ಅಂಥಾ ಕಷ್ಟವೇನಿಲ್ಲ ಅನ್ನುತ್ತೇನೆ. ಅದು ಸುಳ್ಳಲ್ಲ.

ಸರ್‌ಗೆ ನಾನು ಕೊಟ್ಟ ಮರ್ಯಾದೆ, ಅವರು ನನ್ನ ಮೇಲೆ ಇಟ್ಟಿದ್ದ ಪ್ರೀತಿ, ಎರಡೂ ನಿಜವಾಗಿದ್ದವು. ಅವನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ಆ ಬಸ್ಸಿನಲ್ಲಿ ನಮ್ಮಿಬ್ಬರಲ್ಲಿ ಒಬ್ಬರು ಬಾಯಿಬಿಟ್ಟು “ನನಗೆ ಬೇಕು” ಅಂದಿದ್ದರೆ, ಇನ್ನೊಬ್ಬರು ಸಂತೋಷವಾಗಿ ಬಿಟ್ಟುಕೊಡುತ್ತಿದ್ದರು. ಒಬ್ಬರಾದರೂ ಇವತ್ತು ಬೆಳಿಗ್ಗೆ ಕ್ಲಾಸಿಗೆ ಹೋಗಿರುತ್ತಿದ್ದರು.